ಅಕೌಂಟಲ್ಲಿದೆ, ಕೈಲಿಲ್ಲ | ಬ್ಯಾಂಕಾಕ್ ಡೈರಿ, ಭಾಗ 4

ಫ್ರೆಂಡ್ಸ್, ಇವತ್ತು ದೇವಸ್ಥಾನದ ಫೋಟೋ ಇಲ್ಲ, ಮಾವಿನಹಣ್ಣಿನ ಫೋಟೋನೂ ಇಲ್ಲ. ಇವತ್ತು ದುಡ್ಡಿನ ವಿಷ್ಯ.

ಬಿಕಾಂ ಓದೋರಿಗೆ ‘ಲಿಕ್ವಿಡಿಟಿ’ ಹೊಸ ಪದ ಅಲ್ಲ. ಕರೆಂಟ್ ರೇಷಿಯೋ 2:1 ಇದ್ರೆ ಒಳ್ಳೇದು ಅಂತ ಬರೆದು ಮಾರ್ಕ್ಸ್ ತಗೊಂಡಿದ್ದೀವಿ. ಆದ್ರೆ ದುಡ್ಡು ಇರೋದು ಬೇರೆ, ಬೇಕಾದ ಹೊತ್ತಿಗೆ ಅದು ಕೈಗೆ ಬರೋದು ಬೇರೆ. ಇದು ನನಗೆ ಹೊಟ್ಟೆಗೆ ತಾಗೋ ಹಾಗೆ ಅರ್ಥ ಆಗಿದ್ದು ಬ್ಯಾಂಕಾಕ್‌ನಲ್ಲಿ.

ಹೋಗಿದ್ದು ನಾನು ಮತ್ತು ದೊಡ್ಡಪ್ಪನ ಮಗಳು. ಖರ್ಚೆಲ್ಲ ಅಕ್ಕನ ಸಂಬಳದ್ದು. ಹೊರಡೋ ಮೊದಲೇ ಅವಳು ಕಾರ್ಡಿನ ಇಂಟರ್‌ನ್ಯಾಷನಲ್ ಬಳಕೆ ಆನ್ ಮಾಡಿದ್ಲು, ರೋಮಿಂಗ್ ಪ್ಯಾಕೂ ಹಾಕ್ಸಿದ್ಲು. ಮೂರನೇ ದಿನ ಸಂಜೆ ಎಟಿಎಂ ಆಗಲ್ಲ ಅಂದುಬಿಡ್ತು. ಬ್ಯಾಂಕಿನ ಕಂಪ್ಯೂಟರಿಗೆ ನಮ್ಮ ಮೇಲೆ ಅನುಮಾನ ಬಂದು ಅಕ್ಕನ ಎರಡೂ ಕಾರ್ಡ್ ಬ್ಲಾಕ್! ಆ್ಯಪ್‌ನಲ್ಲಿ ಒಟಿಪಿ ಹಾಕಿದ್ರೆ ಸರಿಹೋಗುತ್ತೆ ಅಂದ್ರು ಕಸ್ಟಮರ್ ಕೇರ್‌ನವರು. ಒಟಿಪಿ ಬರಲೇ ಇಲ್ಲ. ಅವತ್ತು ಎರಡನೇ ಶನಿವಾರ, ಊರಲ್ಲಿ ಬ್ಯಾಂಕ್ ತೆಗೆಯೋದು ಇನ್ನು ಸೋಮವಾರವೇ.

ಎಣಿಸಿ ನೋಡಿದ್ರೆ 640 ಬಾತ್, ಜೊತೆಗೆ 1,500 ರೂಪಾಯಿ. ರೂಮಿನ ಬಾಡಿಗೆ ಮೊದಲೇ ಕಟ್ಟಿದ್ದಕ್ಕೆ ಬಚಾವ್. ಅಂಗಡಿ ಅಂಗಡಿಯಲ್ಲೂ ಕ್ಯೂಆರ್ ಕೋಡ್ ನೇತಾಡ್ತಿತ್ತು, ಆದ್ರೆ ಅದು ಅವರ ಪ್ರಾಂಪ್ಟ್‌ಪೇ. ನನ್ನ ಯುಪಿಐ ಅಲ್ಲಿ ಮೂಕ.

ರಾತ್ರಿ ಹಾಸ್ಟೆಲ್‌ನಲ್ಲಿ ಒಬ್ಬ ನಮ್ಮ ದೇಶದವನೇ ಸಿಕ್ಕ. “ಇಂಡಿಯಾದಲ್ಲಿರೋ ನನ್ನ ಕಡೆಯವರ ನಂಬರಿಗೆ ಮನೆಯಿಂದ ಯುಪಿಐ ಮಾಡ್ಸಿ, ನಾನಿಲ್ಲಿ ಬಾತ್ ಕೊಡ್ತೀನಿ” ಅಂದ. ಫೋನಲ್ಲಿದ್ದ ದೊಡ್ಡಪ್ಪ ಆಗಲೇ ರೆಡಿ. “ನಂಬರ್ ಕೊಡಮ್ಮ, ಈಗಲೇ ಹಾಕ್ತೀನಿ” ಅಂತ ಒಂದೇ ಸಮ. ಅಕ್ಕ ಮಾತ್ರ ಬೇಡ ಅಂದ್ಲು.

“ಹತ್ತು ಸಾವಿರಕ್ಕೆ ಯಾರು ಕೇಳ್ತಾರೆ ಅಕ್ಕ?”

“ಕೇಳೋದು ಬಿಡು. ಆ ನಂಬರ್ ಯಾರದ್ದು ಅಂತ ನಿಂಗೊತ್ತೇನೋ? ಅದು ಯಾವುದೋ ಸೈಬರ್ ಕೇಸಲ್ಲಿ ಸಿಕ್ಕಿಹಾಕ್ಕೊಂಡ್ರೆ ಅಪ್ಪನ ಅಕೌಂಟ್ ಫ್ರೀಜ್ ಆಗುತ್ತೆ ಕಣೋ. ಮಂಡೀಲಿ ಲೆಕ್ಕ ಬರೆದು ಕೂಡಿಟ್ಟಿರೋ ದುಡ್ಡು ಅದು.”

ಕ್ಲಾಸಲ್ಲಿ ಓದಿದ್ದು ಆಗ ನೆನಪಾಯ್ತು: 1999ರ ಫೆಮಾ ಕಾಯ್ದೆ ಪ್ರಕಾರ ವಿದೇಶಿ ದುಡ್ಡಿನ ವ್ಯವಹಾರ ಪರವಾನಗಿ ಇರೋರು ಮಾತ್ರ ಮಾಡಬೇಕು. ಅವನು ಸಹಾಯ ಅಂತ ಹೇಳಿದ್ದಕ್ಕೆ ಪುಸ್ತಕದಲ್ಲಿರೋ ಹೆಸರು ಹವಾಲಾ.

ಭಾನುವಾರ 1,500 ರೂಪಾಯಿನ ಮನಿ ಚೇಂಜರ್ ಹತ್ರ ಬಾತ್ ಮಾಡಿಸಿದ್ವಿ. ರೇಟ್ ಕೇಳಿ ಅಳು ಬಂತು. ಮೆಟ್ರೋ ಬಿಟ್ಟು ನಡೆದ್ವಿ. ಫಾಹುರತ್‌ನಲ್ಲಿರೋ ಗುರುದ್ವಾರದಲ್ಲಿ ಲಂಗರ್ ಊಟ ಸಿಕ್ತು. ಯಾರು, ಎಲ್ಲಿಂದ, ಯಾಕೆ ಅಂತ ಒಬ್ಬರೂ ಕೇಳಲಿಲ್ಲ. ಅಕೌಂಟಲ್ಲಿ ಲಕ್ಷ ಇಟ್ಕೊಂಡು ರೊಟ್ಟಿಗೆ ಎರಡೂ ಕೈ ಚಾಚಿದ ಅಕ್ಕ ಸ್ವಲ್ಪ ಹೊತ್ತು ತಲೆ ಎತ್ತಲಿಲ್ಲ. ನಾನೂ ಏನೂ ಮಾತಾಡಲಿಲ್ಲ.

ಸೋಮವಾರ ಹತ್ತಕ್ಕೆ ದೊಡ್ಡಪ್ಪ ತಿಪಟೂರಿನ ಬ್ರಾಂಚ್ ಬಾಗಿಲಲ್ಲಿದ್ರು. ನಮಗಾಗ ಹನ್ನೊಂದೂವರೆ. ಖಾತೆದಾರರೇ ಕೇಳಬೇಕು ಅಂದ್ರಂತೆ. ಅಕ್ಕ ರಿಜಿಸ್ಟರ್ ಆಗಿರೋ ಇಮೇಲ್‌ನಿಂದ ಪತ್ರ ಕಳಿಸಿದ್ಲು, ಮಧ್ಯಾಹ್ನದ ಹೊತ್ತಿಗೆ ಕಾರ್ಡ್ ಓಪನ್ ಆಯ್ತು.

ಈಗ ಸೇವ್ ಮಾಡಿಟ್ಕೊಳ್ಳೋ ಭಾಗ 👇

1. ಬೇರೆ ಬೇರೆ ಬ್ಯಾಂಕಿನ ಎರಡು ಕಾರ್ಡ್, ಬೇರೆ ಬೇರೆ ಬ್ಯಾಗಲ್ಲಿ.

2. ಅಕ್ಟೋಬರ್ 2020ರಿಂದ ಆರ್‌ಬಿಐ ನಿಯಮದಂತೆ ಹೊಸ ಕಾರ್ಡ್ ದೇಶದೊಳಗೆ ಮಾತ್ರ ನಡೆಯುತ್ತೆ. ಹೊರಗಿನ ಬಳಕೆಯನ್ನ ನಾವೇ ಆನ್ ಮಾಡ್ಬೇಕು.

3. ಫೋರೆಕ್ಸ್ ಕಾರ್ಡ್ ಇದ್ರೆ ಅದಕ್ಕೆ ದುಡ್ಡು ತುಂಬೋಕೆ ಮನೆಯವರಿಗೆ ಆಗುತ್ತಾ ಅಂತ ಮೊದಲೇ ಕೇಳಿ. ಸ್ವಲ್ಪ ಡಾಲರ್ ನೋಟು ಪರ್ಸಲ್ಲಲ್ಲ, ಬೇರೆ ಕಡೆ ಇರಲಿ.

4. ಯುಪಿಐ ಸಿಂಗಾಪುರ, ಯುಎಇ, ನೇಪಾಳ, ಭೂತಾನ್, ಶ್ರೀಲಂಕಾ, ಮಾರಿಷಸ್, ಫ್ರಾನ್ಸ್‌ನ ಕೆಲವು ಕಡೆ ನಡೆಯುತ್ತೆ. ಎಲ್ಲಾ ಅಂಗಡಿಯಲ್ಲೂ ಅಲ್ಲ.

5. ಅಲ್ಲಿನ ಮೆಷಿನ್ ‘ರೂಪಾಯಿಯಲ್ಲಿ ಕಟ್ತೀರಾ?’ ಅಂತ ಕೇಳಿದ್ರೆ ಬೇಡ ಅನ್ನಿ, ಆ ದೇಶದ ದುಡ್ಡನ್ನೇ ಆರಿಸಿ. ಇಲ್ಲಾಂದ್ರೆ ಸಾಮಾನ್ಯವಾಗಿ ಜಾಸ್ತಿ ಬೀಳುತ್ತೆ.

6. ಪೂರ್ತಿ ಕೈ ಖಾಲಿ ಆದ್ರೆ ಭಾರತದ ರಾಯಭಾರ ಕಚೇರಿಗೆ ಹೋಗಿ. ಕಷ್ಟದಲ್ಲಿರೋ ಭಾರತೀಯರಿಗೆ ಅಂತಲೇ 2009ರಿಂದ ಒಂದು ಕಲ್ಯಾಣ ನಿಧಿ ಇದೆ.

ಹಸಿದಾಗ ಸಿಗೋ ಸುಲಭದ ದಾರಿ ತುಂಬಾ ಚೆನ್ನಾಗೇ ಕಾಣುತ್ತೆ. ಅದರ ಬಿಲ್ ಯಾರ ಹೆಸರಿಗೆ ಬರುತ್ತೆ ಅಂತ ಒಂದು ನಿಮಿಷ ಯೋಚಿಸೋರು ಜೊತೆಗಿದ್ರೆ, ಬ್ಯಾಲೆನ್ಸ್ ಶೀಟಲ್ಲಿ ಕಾಣದ ಆಸ್ತಿ ಅದು.

ಪಾಸ್‌ಪೋರ್ಟ್ ಮಾಡಿಸ್ತಿರೋ ಫ್ರೆಂಡ್‌ಗೆ ಇದನ್ನ ಕಳಿಸಿ. ಭಾಗ 5ರಲ್ಲಿ ಮಾವಿನಹಣ್ಣು ಪಕ್ಕಾ 🥭

#ಬ್ಯಾಂಕಾಕ್‌ಡೈರಿ #ಬಿಕಾಂಹುಡುಗ