ಮಾರ್ಚ್ ತಿಂಗಳ ಹಾಡುಗಳು

‘ಕ್ಲೋಸರ್’ ಆಲ್ಬಮ್ ಹಾಕಿದರೆ ಸಾಕು, ಹಾಸ್ಟೆಲಿನಲ್ಲಿ ಯಾರಾದರೊಬ್ಬರು ‘ಅದು ಸತ್ತವನ ಹಾಡಲ್ವೇನೋ?’ ಅಂತಾರೆ. ಮ್ಯಾಂಚೆಸ್ಟರಿನ ಜಾಯ್ ಡಿವಿಷನ್ ತಂಡದ ಎರಡನೆಯ ಆಲ್ಬಮ್ ಅದು. ಹೊರತಂದದ್ದು ಫ್ಯಾಕ್ಟರಿ ಎಂಬ ಸಣ್ಣ ಸ್ವತಂತ್ರ ಕಂಪನಿ. 1980ರ ಮಾರ್ಚಿನಲ್ಲಿ ಲಂಡನ್ನಿನಲ್ಲಿ ರೆಕಾರ್ಡಿಂಗ್ ಆಯಿತು. ಮೇ 18ರಂದು ಗಾಯಕ ಇಯಾನ್ ಕರ್ಟಿಸ್, 23ರ ಹುಡುಗ, ಆತ್ಮಹತ್ಯೆ ಮಾಡಿಕೊಂಡ. ಜುಲೈನಲ್ಲಿ ಆಲ್ಬಮ್ ಹೊರಬಂತು. ಅಂದಿನಿಂದ ಅದರಲ್ಲಿ ಎಲ್ಲರಿಗೂ ಸಾವೇ ಕೇಳಿಸುತ್ತದೆ.

ನನಗೆ ಕೇಳಿಸೋದು ನಾಲ್ವರ ದುಡಿಮೆ. 1979ರ ಮೊದಲ ಆಲ್ಬಮ್ ‘ಅನ್‌ನೋನ್ ಪ್ಲೆಷರ್ಸ್’ನಲ್ಲಿ ಗಿಟಾರ್, ಬೇಸ್, ಡ್ರಮ್ಮುಗಳದೇ ಕಾರುಬಾರು. ಇಲ್ಲಿ ಸಿಂಥಸೈಜರಿಗೆ ಹೆಚ್ಚು ಜಾಗ ಸಿಕ್ಕಿದೆ. ಕೊನೆಯ ‘ಡೆಕೇಡ್ಸ್’ನಲ್ಲಂತೂ ರಾಗ ಎಳೆಯೋದು ಅದೇ. ಮೊದಲ ಹಾಡಿನಲ್ಲಿ ಗಿಟಾರಿನ ಸಮ್ನರ್ ಬೇಸ್ ಹಿಡಿದ, ಬೇಸಿನ ಹುಕ್ ಗಿಟಾರ್ ಹಿಡಿದ. ಪಳಗಿದ ಕೈಗೆ ಬೇರೆ ವಾದ್ಯ ಕೊಟ್ಟು ನೋಡುವ ಹುಮ್ಮಸ್ಸು ಅದು. ಉಳಿದ ಮೂವರು ಮುಂದೆ ‘ನ್ಯೂ ಆರ್ಡರ್’ ಆಗಿ ಇದೇ ದಾರಿ ಹಿಡಿದರು.

ನಮ್ಮ ದೊಡ್ಡಪ್ಪನ ಮಗ ಹೀಗೇ ಹೋದಾಗ ಮನೆಯವರೆಲ್ಲ ಅವನ ಡೈರಿಯಲ್ಲಿ ಸೂಚನೆ ಹುಡುಕಿದರು. ಅದರಲ್ಲಿ ಇದ್ದದ್ದು ಕ್ರಿಕೆಟ್ಟು, ಮೆಸ್ಸಿನ ಊಟ, ಕೊಳ್ಳಬೇಕೆಂದಿದ್ದ ಸೈಕಲ್ಲು. ಅವೂ ಅವನವೇ ಅಲ್ಲವೇ?

ಇಯಾನನ ನೋವು ಸುಳ್ಳಲ್ಲ. ಆದರೆ ಆ ಮಾರ್ಚಿನಲ್ಲಿ ಅವನು ಹಾಡುತ್ತಿದ್ದ. ಆ ಒಂದು ತಿಂಗಳನ್ನಾದರೂ ಅವನಿಗೇ ಬಿಟ್ಟು ಕೇಳಿ, ಮಾರಾಯ್ರೆ.