ಸೂಜಿ–ದಾರಗಳ ಸಾಂಗತ್ಯ

ಹೊಲಿಗೆಯ ಯಂತ್ರವನ್ನು ಕೊಳ್ಳುವಾಗ ನೆರೆಹೊರೆಯವರನ್ನೆಲ್ಲ ವಿಚಾರಿಸಿ, ಬಟ್ಟೆಯನ್ನಂತೂ ಬೆರಳುಗಳ ನಡುವೆ ಉಜ್ಜಿ, ಬೆಳಕಿಗೆ ಹಿಡಿದು ಪರೀಕ್ಷಿಸುವ ಸದ್ಗೃಹಸ್ಥರು, ಸೂಜಿಯ ಮಾತು ಬಂದೊಡನೆ ‘ಯಾವುದಾದರೊಂದು ಕೊಡಿ’ ಎಂದುಬಿಡುವುದು ನನಗೆ ಇಂದಿಗೂ ವಿಸ್ಮಯದ ಸಂಗತಿ. ನನ್ನ ಮಟ್ಟಿಗೆ ಹೊಲಿಗೆಯ ಸುಖದ ಅರ್ಧಭಾಗವು, ಚಕ್ರ ತಿರುಗುವುದಕ್ಕೆ ಮೊದಲೇ, ಸೂಜಿದಾರಗಳನ್ನು ಆಯುವುದರಲ್ಲಿ ಸಂದಿರುತ್ತದೆ.

ಮುಂಬಯಿಯ ಆಂಟಾಪ್ ಹಿಲ್ಲಿನಲ್ಲಿ ನನ್ನಂತೆ ಮನೆಮಾಡಿರುವವರಿಗೆ ಈ ವಿಷಯದಲ್ಲಿ ಸೌಭಾಗ್ಯವೂ ಉಂಟು, ಸಂಕಟವೂ ಉಂಟು. ವಡಾಳಾ ರೋಡಿನಲ್ಲಿ ಹಾರ್ಬರ್ ಮಾರ್ಗದ ಗಾಡಿ ಹತ್ತಿ ಮಸ್ಜಿದ್ ನಿಲ್ದಾಣದಲ್ಲಿಳಿದು ನಡೆದರೆ ಮಂಗಳದಾಸ ಮಾರ್ಕೆಟ್ಟು. ಅಲ್ಲಿ ಇಲ್ಲದ ಬಟ್ಟೆಯಿಲ್ಲ. ಸಂಕಟವೆಂದರೆ ಇಲ್ಲಿಯ ಗಾಳಿ: ಉಪ್ಪಿನ ಗದ್ದೆಗಳ ಕಡೆಯಿಂದ ಬೀಸುವ, ವರ್ಷಾಕಾಲದಲ್ಲಿ ಮತ್ತಷ್ಟು ಆರ್ದ್ರವಾಗುವ ಆ ಗಾಳಿಗೆ ತೆರೆದಿಟ್ಟ ಸೂಜಿ ತುಕ್ಕು ಹಿಡಿಯದೆ ಉಳಿಯದು, ಅಂತೆಯೇ ನನ್ನ ಸೂಜಿಗಳೆಲ್ಲ ಯಂತ್ರದ ಎಣ್ಣೆ ಸವರಿದ ಫ್ಲಾನೆಲ್ ಚೂರಿನಲ್ಲಿ ಸುತ್ತಿಟ್ಟಿರುತ್ತವೆ.

ಸೂಜಿಯ ಮೇಲೆ 90/14 ಎಂದಿದ್ದರೆ, ಮೊದಲನೆಯದು ಅದರ ದಪ್ಪ, ಎಂದರೆ 0.90 ಮಿಲಿಮೀಟರು; ಎರಡನೆಯದು ಅಂಗಡಿಯಲ್ಲಿ ನಾವು ಹೆಸರಿಸಿ ಕೇಳುವ ನಂಬರು. ಅಂಕಿ ಏರಿದಂತೆ ಸೂಜಿ ದಪ್ಪವಾಗುತ್ತದೆ. ಹತ್ತಿಯ ನೂಲಿನ ಲೆಕ್ಕವಾದರೋ ತದ್ವಿರುದ್ಧ: 840 ಗಜದ ಎಷ್ಟು ಲಡಿಗಳು ಸೇರಿ ಒಂದು ಪೌಂಡು ತೂಗುವುವೋ ಅದೇ ಅದರ ನಂಬರಾದ್ದರಿಂದ, 60ರ ನೂಲು 40ರದಕ್ಕಿಂತ ತೆಳು. ಒಂದು ಏರಿದರೆ ಇನ್ನೊಂದು ಇಳಿಯುವ ಈ ಲೆಕ್ಕವನ್ನು ಹಾಗೆ ನಿಶ್ಚಯಿಸಿದವರ ಮೇಲೆ ನನಗೆ ಕೋಪವೇನೂ ಇಲ್ಲ. ಮುಂಬಯಿಯ ಗಿರಣಿಗಳು ಇದರಲ್ಲಿಯೇ ಬದುಕಿದವು.

ಸೂಜಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ಒಂದು ಪಾರ್ಶ್ವದಲ್ಲಿ ಉದ್ದಕ್ಕೂ ಕೊರೆದ ಸಣ್ಣ ಕಾಲುವೆ. ಮತ್ತೊಂದು ಪಾರ್ಶ್ವದಲ್ಲಿ, ಕಣ್ಣಿಗೆ ತುಸು ಮೇಲೆ, ಒಂದು ತಗ್ಗು. ಕೈಸೂಜಿಗೆ ಹಿಂತುದಿಯಲ್ಲಿರುವ ಕಣ್ಣು, 1846ರಲ್ಲಿ ಎಲಿಯಾಸ್ ಹೋವ್ ಪೇಟೆಂಟು ಪಡೆದ ಯಂತ್ರದಲ್ಲಿ ಮೊನೆಯ ಬಳಿಯಲ್ಲಿತ್ತು. ಇಂದಿಗೂ ಅಲ್ಲಿಯೇ ಇದೆ. ಸೂಜಿ ಇಳಿಯುವಾಗ ದಾರವು ಕಾಲುವೆಯೊಳಗೆ ಅಡಗಿ ಘರ್ಷಣೆಯಿಂದ ಪಾರಾಗುತ್ತದೆ. ತಳ ಮುಟ್ಟಿ ಕೂದಲೆಳೆಯಷ್ಟು ಮೇಲೆದ್ದೊಡನೆ ತಗ್ಗಿನ ಕಡೆಯ ದಾರ ಕುಣಿಕೆಯಾಗಿ ಉಬ್ಬಲು, ಶಟಲಿನ ಕೊಕ್ಕೆ ಅದನ್ನು ಹಿಡಿಯುತ್ತದೆ. ದಾರ ಕಾಲುವೆಗಿಂತ ದಪ್ಪವಾದರೆ ಎಳೆಗಳು ಬಿಚ್ಚಿ ಹರಿಯುವುದೂ, ಅಳತೆಗೆ ಮೀರಿ ತೆಳುವಾದರೆ ಕುಣಿಕೆ ನಿಲ್ಲದೆ ಹೊಲಿಗೆ ತಪ್ಪುವುದೂ ಇದರಿಂದಲೇ. ಗೇಣುದ್ದದ ದಾರವನ್ನು ಸೂಜಿಗೆ ಪೋಣಿಸಿ, ಓರೆಯಾಗಿ ಬಿಗಿಹಿಡಿದರೆ, ಸೂಜಿ ತನ್ನ ಭಾರದಿಂದಲೇ ಜಾರಿ ಇಳಿಯಬೇಕು. ತಡೆದು ನಿಂತರೆ ಸೂಜಿಯನ್ನು ಬದಲಿಸಬೇಕು.

ಮಲ್‌ಮಲ್ಲಿಗೂ ಮೈಸೂರು ಕ್ರೇಪಿಗೂ 9 ಅಥವಾ 11ರ ಸೂಜಿ, ಪಾಪ್ಲಿನ್ನಿಗೆ 14, ಜೀನ್ಸಿಗೆ 16, 18. ಬನಿಯನ್ನಿನ ಹೆಣಿಗೆಬಟ್ಟೆಗೆ ಮೊನೆ ಉರುಟಾದ ಸೂಜಿಯೇ ಬೇಕು, ಅದು ಎಳೆಯನ್ನು ಕತ್ತರಿಸದೆ ಪಕ್ಕಕ್ಕೆ ಸರಿಸುತ್ತದೆ. ಇಲ್ಲಿಗೆ ಸಮೀಪದ ಧಾರಾವಿಯಲ್ಲಿ ಚರ್ಮ ಹೊಲಿಯುವವರ ಸೂಜಿಗೆ ಮಾತ್ರ ಕತ್ತರಿಸುವ ಅಲಗುಂಟು.

ಆದರೆ ನನಗೆ ಪ್ರಿಯವಾದುದು ಗುಳೇದಗುಡ್ಡದ ಖಣ. ಬಾಗಲಕೋಟೆಯ ಕಡೆಯವರಂತೆ ಮರಾಠಿ ಹೆಣ್ಣುಮಕ್ಕಳೂ ಅಕ್ಕರೆಯಿಂದ ತೊಡುವ ಆ ಖಣದ ಒಡಲಿಗೆ 11, ಮಡಿಕೆ ಕೂಡಿದ ಅಂಚಿಗೆ 14, ಎಂದು ನಡುವೆ ಸೂಜಿ ಬದಲಿಸುವ ತಾಳ್ಮೆಯಿಲ್ಲದವರು ಅದನ್ನು ಮುಟ್ಟದಿರುವುದೇ ಲೇಸು. ದಾರದಲ್ಲಿಯೂ ವಿವೇಚನೆ ಬೇಕು: ಬಿರುಸಾದ ಪಾಲಿಯೆಸ್ಟರ್ ದಾರ ತಾನು ಹರಿಯದೆ ಕೋಮಲವಾದ ಬಟ್ಟೆಯನ್ನೇ ಸೀಳುತ್ತದೆ; ಹರಿದ ಹೊಲಿಗೆಯನ್ನು ಮತ್ತೆ ಹಾಕಬಹುದು, ಸೀಳಿದ ಖಣಕ್ಕೆ ಉಪಾಯವಿಲ್ಲ. ಆದುದರಿಂದ ಓದುಗರು ಖಣದ ಕುಪ್ಪಸವನ್ನು ಹೊಲಿಯಲು ಕೊಡುವಾಗ, ದರ್ಜಿ ಬೇಸರಪಟ್ಟರೂ ಚಿಂತೆಯಿಲ್ಲ, ಹೊಸ ಸೂಜಿ ಹಾಕಿ, ತೆಳು ದಾರದಲ್ಲಿ ಹೊಲಿದುಕೊಡಿರೆಂದು ಕೇಳಿಕೊಳ್ಳಬೇಕೆಂದು ನನ್ನ ಪ್ರಾರ್ಥನೆ.