ಇಂಡೆಕ್ಸ್ ಡಾಟ್ ಎಚ್‌ಟಿಎಮ್‌ಎಲ್ ಡಾಟ್ ಟಿಎಕ್ಸ್‌ಟಿ

ಈ ಕಡೆ ತಲೆ ಹಾಕದೆ ಎಷ್ಟೋ ತಿಂಗಳಾಯ್ತು. ಬರೆಯಲಿಕ್ಕೆ ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ. ಇದನ್ನಂತೂ ಬರೆಯಬೇಕು ಅಂತ 2025ರ ಚೌತಿಯಿಂದ ಅಂದುಕೊಳ್ಳುತ್ತಲೇ ಇದ್ದೆ. ಬರೆದರೆ ನನ್ನದೇ ಮರ್ಯಾದೆ ಹೋಗುತ್ತದಲ್ಲ ಅಂತ ಸುಮ್ಮನಿದ್ದೆ..

ಚೌತಿಗೆ ಬೆಳುವಾಯಿಗೆ, ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಮೂಡುಬಿದಿರೆಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಸಿಗುವ ಊರು. ಸಮ್ಮಿಲನ್ ಶೆಟ್ಟರ ಚಿಟ್ಟೆ ಪಾರ್ಕಿನಿಂದಾಗಿ ಈಗ ಹೊರಗಿನವರಿಗೂ ಗೊತ್ತು. ಕಡುಬು ತಿಂದು ಕೈ ತೊಳೆಯುವಾಗ ಚಿಕ್ಕಮ್ಮ ಮೆಲ್ಲ ಹೇಳಿದರು, "ಇವಳಿಗೆ ಕಂಪ್ಯೂಟರು ಬೇಡವಂತೆ ಮಾರಾಯ. ಬಿಕಾಂ ಮಾಡ್ತೇನೆ ಅಂತಿದ್ದಾಳೆ. ಫೀಸು ಕಟ್ಟಿ ಆಗಿದೆ. ನೀನೊಮ್ಮೆ ಕೇಳು." (ಮಾತೆಲ್ಲ ತುಳುವಿನಲ್ಲಿ ನಡೆದದ್ದು. ಇಲ್ಲಿ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ.)

ಇವಳು ಅಂದರೆ ನನ್ನ ತಂಗಿ. ಹತ್ತನೆಯವರೆಗೆ ಕನ್ನಡ ಮೀಡಿಯಂ. ಬಿಸಿಎ ಸೇರಿ ಎರಡು ತಿಂಗಳೂ ಆಗಿರಲಿಲ್ಲ. ಲ್ಯಾಬಿನಲ್ಲಿ ಒಂದು ವೆಬ್ ಪುಟ ಮಾಡಿ ಅಂದಿದ್ದರಂತೆ. ಬೋರ್ಡಿನಲ್ಲಿದ್ದದ್ದನ್ನು ಒಂದಕ್ಷರ ತಪ್ಪದೆ ಟೈಪ್ ಮಾಡಿದ್ದಾಳೆ. ಬ್ರೌಸರಿನಲ್ಲಿ ತೆರೆದರೆ ಪುಟದ ಬದಲು ಕೋಡೇ ಹಾಗೆ ಹಾಗೇ ಕಾಣಿಸಿದೆ. ಯಾರೋ ಬಂದು ಎರಡು ಸಲ ಮೌಸ್ ಒತ್ತಿ ಸರಿ ಮಾಡಿ ಹೋದರು. ಏನು ಮಾಡಿದ್ದು ಅಂತ ಅವರು ಹೇಳಲಿಲ್ಲ, ಇವಳು ಕೇಳಲಿಲ್ಲ. "ಇಂಗ್ಲಿಷ್ ಮೀಡಿಯಮ್‌ನವರಿಗೆ ಅದೆಲ್ಲ ಮೊದಲೇ ಗೊತ್ತಿರ್ತದೆ ಅಣ್ಣ" ಅಂದಳು.

ನನಗೆ ನನ್ನ ಮೊದಲ ವರ್ಷದ ಲ್ಯಾಬು ನೆನಪಾಯ್ತು. ಕಪ್ಪು ಪರದೆ, ಅದರಲ್ಲಿ ವಿಐ ಎಂಬ ಎಡಿಟರ್. ಒಳಗೆ ಹೋದೆ, ಹೊರಗೆ ಬರಲಿಕ್ಕೆ ಗೊತ್ತಿಲ್ಲ. ಅಕ್ಕಪಕ್ಕ ಕೇಳಲು ನಾಚಿಕೆ. ಕೊನೆಗೆ ಯಾರೂ ನೋಡದಾಗ ಕಂಪ್ಯೂಟರಿನ ಸ್ವಿಚ್ಚನ್ನೇ ಆರಿಸಿದೆ. ಆ ಇಡೀ ಸೆಮಿಸ್ಟರ್ ಪ್ರೋಗ್ರಾಂಗಳನ್ನು ಬಾಯಿಪಾಠ ಮಾಡಿ ಪಾಸಾದವನು ನಾನು. ವಿಐಯನ್ನು 1976ರಲ್ಲಿ ಬಿಲ್ ಜಾಯ್ ಬರೆದದ್ದು, ಅದರ ತಮ್ಮ ವಿಮ್ 1991ರಲ್ಲಿ ಬ್ರಾಮ್ ಮೊಲೆನಾರ್ ಬಿಡುಗಡೆ ಮಾಡಿದ್ದು. "ವಿಮ್‌ನಿಂದ ಹೊರಗೆ ಬರುವುದು ಹೇಗೆ" ಅಂತ ಸ್ಟಾಕ್ ಓವರ್‌ಫ್ಲೋದಲ್ಲಿ 2012ರಲ್ಲಿ ಒಬ್ಬ ಕೇಳಿದ ಪ್ರಶ್ನೆಯನ್ನು 2017ರ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಲ ಜನ ತೆರೆದು ನೋಡಿದ್ದರು. ಇದು ಗೊತ್ತಾದ ದಿನ ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ :)

ಇಷ್ಟೆಲ್ಲ ಅನುಭವ ಇದ್ದವನು ತಂಗಿಗೆ ಏನು ಕಲಿಸಬೇಕಿತ್ತು? ನಾನು ಮಾಡಿದ್ದು ಬೇರೆಯೇ. ಅವಳ ಲ್ಯಾಪ್‌ಟಾಪು ಸೆಕೆಂಡ್ ಹ್ಯಾಂಡ್, 4 ಜಿಬಿ ಮೆಮೊರಿ, ಬ್ಯಾಟರಿ ಸತ್ತು ಹೋಗಿ ಪ್ಲಗ್ಗಿನಲ್ಲೇ ಬದುಕುವಂಥದ್ದು. ಅದಕ್ಕೆ ನನ್ನ ಮೊಬೈಲಿನ ನೆಟ್ಟು ಹಾಕಿ ವಿಎಸ್ ಕೋಡ್, ಗಿಟ್, ನೋಡ್, ಪೈಥಾನ್, ಮೇಲೆ ಹದಿನಾಲ್ಕು ಎಕ್ಸ್‌ಟೆನ್ಶನ್ ಇಳಿಸಿದೆ. ಕಪ್ಪು ಥೀಮು ಬೇರೆ. ಟರ್ಮಿನಲ್ ಅಂದರೆ ಇದು, ಫೋಲ್ಡರ್ ಇಲ್ಲಿ, ಈ ಶಾರ್ಟ್‌ಕಟ್ ಒತ್ತಿದರೆ ಹಾಗೆ ಅಂತ ಎರಡು ಗಂಟೆ ಭಾಷಣ. ಅವಳು "ಹಾಂ" "ಹೂಂ" ಅಂದಳು. ಅರ್ಥ ಆಯ್ತಾ ಅಂತ ಕೇಳಿದರೆ "ಆಯ್ತು" ಅಂದಳು. ನಾನೂ ಹಾಗೇ ಅಂದಿದ್ದೆನಲ್ಲ, ಆ ಲ್ಯಾಬಿನಲ್ಲಿ.

ರಾತ್ರಿ ಚಿಕ್ಕಮ್ಮ ತಡ್ಪೆ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಾ ಇದ್ದರು. ಅವರೇ ಅಂದರು, "ನನಗೆ ಬೀಡಿ ಕಲಿಸುವಾಗ ಅಮ್ಮ ಮೊದಲ ದಿನ ಬರೀ ಎಲೆ ಕತ್ತರಿಸಲಿಕ್ಕೆ ಕೊಟ್ಟದ್ದು. ಹೊಗೆಸೊಪ್ಪು ಮುಟ್ಟಲಿಕ್ಕೂ ಬಿಡಲಿಲ್ಲ." ನನಗೆ ಹೇಳಿದ್ದೋ, ತನ್ನಷ್ಟಕ್ಕೆ ಹೇಳಿಕೊಂಡದ್ದೋ ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲ ಮುಚ್ಚಿ ನೋಟ್‌ಪ್ಯಾಡ್ ಮಾತ್ರ ತೆರೆದೆ. ಲ್ಯಾಬಿನಲ್ಲಿ ಮಾಡಿದ್ದನ್ನೇ ಇನ್ನೊಮ್ಮೆ ಮಾಡು, ನಾನು ಬಾಯಿ ತೆರೆಯುವುದಿಲ್ಲ ಅಂದೆ. ಬರೆದಳು, ಇಂಡೆಕ್ಸ್ ಡಾಟ್ ಎಚ್‌ಟಿಎಮ್‌ಎಲ್ ಅಂತ ಹೆಸರು ಕೊಟ್ಟು ಸೇವ್ ಮಾಡಿದಳು. ತೆರೆದರೆ ಮತ್ತೆ ಕೋಡೇ! ಆಮೇಲೆ ಫೋಲ್ಡರಿನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ ಅಂತ ಇರುವಲ್ಲಿ ಟಿಕ್ ಹಾಕಿಸಿದೆ. ಹೆಸರಿನ ಬಾಲ ಹೊರಗೆ ಬಂತು: ಡಾಟ್ ಎಚ್‌ಟಿಎಮ್‌ಎಲ್ ಡಾಟ್ ಟಿಎಕ್ಸ್‌ಟಿ. ನೋಟ್‌ಪ್ಯಾಡ್ ತನ್ನ ಬಾಲ ಅಂಟಿಸುತ್ತದೆ, ವಿಂಡೋಸು ಅದನ್ನು ಅಡಗಿಸುತ್ತದೆ. 1995ರಿಂದ ಇದೇ ಚಾಳಿ. ಬಾಲ ನೋಡಿ ಬ್ರೌಸರು ಇದು ಬರೀ ಬರಹ ಅಂದುಕೊಂಡು ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ.

"ಇಷ್ಟೇಯಾ?" ಅಂದಳು. ಸಿಟ್ಟಿನಲ್ಲೇ. ಎರಡು ತಿಂಗಳು ತನ್ನನ್ನೇ ದಡ್ಡಿ ಅಂದುಕೊಂಡಿದ್ದ ಹುಡುಗಿಗೆ ಸಿಟ್ಟು ಬಾರದೆ ಇರ್ತದಾ..

ಅಲ್ಲಿಂದ ಪ್ರಶ್ನೆಗಳು ಶುರುವಾದವು. ಪುಟ ಯಾವುದರ ಬಗ್ಗೆ ಅಂದರೆ ಊರಿನ ಚಿಟ್ಟೆಗಳು. ಕನ್ನಡದಲ್ಲೇ ಬರೀತೇನೆ, ಆಗ್ತದಾ? ಯಾಕಾಗುವುದಿಲ್ಲ! ಕೀಲಿಮಣೆಗೆ ನುಡಿ ವಿನ್ಯಾಸ ತೋರಿಸಿದೆ, ಇದರ ಮೂಲ ವಿನ್ಯಾಸ ನಮ್ಮ ಮಂಗಳೂರು ಕಡೆಯ ಕಿನ್ನಿಕಂಬಳದ ಕೆ. ಪಿ. ರಾವ್ ಅವರದ್ದು ಅಂತಲೂ ಹೇಳಿದೆ. ಫೈಲನ್ನು ನೇರ ತೆರೆದಾಗ ಕನ್ನಡ ಚೆನ್ನಾಗಿ ಬಂತು. ಪೈಥಾನಿನ ಪುಟ್ಟ ಸರ್ವರ್ ಹಾಕಿ ಲೋಕಲ್‌ಹೋಸ್ಟಿನಲ್ಲಿ ತೋರಿಸುತ್ತೇನೆ ಅಂತ ಹೋದೆ ನೋಡಿ, ಬೆಳುವಾಯಿ ಇದ್ದ ಜಾಗದಲ್ಲಿ ತಲೆ ಮೇಲೆ ಕಡ್ಡಿ ಇಟ್ಟ ಎ, ಪಕ್ಕದಲ್ಲಿ ಪುಟ್ಟ 2, ಪುಟ್ಟ 3. ಹಳೆಯ ಬ್ಲಾಗಿಗರಿಗೆ ಈ ದರ್ಶನ ಆಗಿಯೇ ಇರುತ್ತದೆ. ಮೆಟಾ ಚಾರ್‌ಸೆಟ್ ಸಾಲು ಬರೆಯುವುದನ್ನು ಅವಳಿಗೆ ಹೇಳಿಕೊಡಲು ನಾನೇ ಮರೆತಿದ್ದೆ.

ಹೇಗೆ ವಿವರಿಸುವುದು? ಬೆಳುವಾಯಿ ಅನ್ನುವ ಪದದಲ್ಲಿ ಯೂನಿಕೋಡಿನ ಲೆಕ್ಕದಲ್ಲಿ 8 ತುಂಡುಗಳು: ನಾಲ್ಕು ಅಕ್ಷರ, ನಾಲ್ಕು ಸ್ವರಚಿಹ್ನೆ. ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟಿನಂತೆ 24. ಆ 24ನ್ನು ಮೂರು ಮೂರಾಗಿ ಓದಬೇಕು ಅಂತ ಸರ್ವರ್ ಹೇಳದಿದ್ದರೆ, ಪುಟವೂ ಹೇಳದಿದ್ದರೆ, ಬ್ರೌಸರು ಒಂದೊಂದನ್ನೇ ಇಂಗ್ಲಿಷ್ ಕಡೆಯ ಅಕ್ಷರ ಅಂತ ಓದಿಬಿಡುತ್ತದೆ. ನಾನು ಹೀಗೆ ತಿಣುಕುತ್ತಿರುವಾಗ ಅವಳೇ ಅಂದಳು, "ತುಳುವನ್ನು ಕನ್ನಡ ಅಂತ ಓದಿದ ಹಾಗೆ." ಮನೆಯಲ್ಲಿ ತುಳು ಮಾತಾಡಿ ಶಾಲೆಯಲ್ಲಿ ಕನ್ನಡ ಲಿಪಿ ಕಲಿತವಳಿಗೆ ಲಿಪಿ ಬೇರೆ ಭಾಷೆ ಬೇರೆ ಅಂತ ನಾನು ಹೇಳಬೇಕಾ? ಸ್ವಲ್ಪ ಹೊತ್ತು ಸುಮ್ಮನಿದ್ದೆ. ತುಳು-ತಿಗಳಾರಿ ಲಿಪಿ 2024ರಲ್ಲಿ ಯೂನಿಕೋಡಿಗೆ ಸೇರಿದೆ ಅಂತ ಹೇಳಿ ನನ್ನ ಮಾನ ಉಳಿಸಿಕೊಂಡೆ.

ಸಂಜೆ ಜೋರು ಮಳೆ, ಕರೆಂಟು ಹೋಯ್ತು. ಬ್ಯಾಟರಿ ಇಲ್ಲದ ಲ್ಯಾಪ್‌ಟಾಪು ಟಪ್ ಅಂತ ಆರಿತು. ನೋಟ್‌ಪ್ಯಾಡಿನಲ್ಲಿ ಬರೆದ ಮುಕ್ಕಾಲು ಗಂಟೆಯ ಚಿಟ್ಟೆಗಳು ಹಾರಿ ಹೋದವು. ಅವಳ ಮುಖ ನೋಡಿ ಇನ್ನು ಬಿಕಾಮೇ ಗತಿ ಅಂದುಕೊಂಡೆ. ಎದ್ದು ಒಳಗೆ ಹೋದಳು, ಊಟಕ್ಕೂ ಸರಿಯಾಗಿ ಮಾತಾಡಲಿಲ್ಲ.

ಬೆಳಿಗ್ಗೆ ಅವಳೇ ಬಂದು ಕೇಳಿದಳು, "ನಿನ್ನ ಆ ಕಪ್ಪು ಎಡಿಟರಿನಲ್ಲಿ ಕರೆಂಟು ಹೋದರೆ ಏನಾಗ್ತದೆ?"

ಮೊದಲ ದಿನ ನಾನು ಭಾಷಣ ಮಾಡುವ ಬದಲು ಈ ಪ್ರಶ್ನೆಗೆ ಕಾಯಬೇಕಿತ್ತು. ವಿಎಸ್ ಕೋಡು ಸೇವ್ ಮಾಡದ ಬರಹವನ್ನೂ ಆಗಾಗ ಒಂದು ಕಡೆ ಎತ್ತಿಡುತ್ತದೆ. ನಂಬಿಕೆ ಬರಲಿ ಅಂತ ನಾಲ್ಕು ಸಾಲು ಬರೆಸಿ ಪ್ಲಗ್ಗನ್ನೇ ಕಿತ್ತೆ (ಹೀಗೆ ಮಾಡಬಾರದು, ನೀವು ಮಾಡಬೇಡಿ). ಪುನಃ ತೆರೆದಾಗ ಸಾಲುಗಳು ಅಲ್ಲೇ ಇದ್ದವು. ಹದಿನಾಲ್ಕು ಎಕ್ಸ್‌ಟೆನ್ಶನ್ ತೆಗೆದು ಹಾಕಿದೆವು, ಮೆಷಿನ್ನು ಸ್ವಲ್ಪ ಹಗುರವೂ ಆಯ್ತು. ಥೀಮು ಬಿಳಿ ಮಾಡಿದಳು. ಒಂದೇ ಒಂದನ್ನು ವಾಪಸ್ ಹಾಕಿಸಿದೆ, ಎಚ್‌ಟಿಎಮ್‌ಎಲ್ ತಪ್ಪುಗಳಿಗೆ ಕೆಂಪು ಗೆರೆ ಎಳೆಯುವಂಥದ್ದು. ಅದರ ಅಗತ್ಯ ಚಿಕ್ಕಮ್ಮನಿಗೆ ಬೇಗ ತಿಳಿಯಿತು. ಬೀಡಿ ಬ್ರಾಂಚಿನಲ್ಲಿ ಸರಿ ಇಲ್ಲದ ಬೀಡಿಯನ್ನು ಹೆಕ್ಕಿ ಬಿಸಾಡುತ್ತಾರೆ. ಬ್ರೌಸರು ಹಾಗಲ್ಲ, ಟ್ಯಾಗ್ ಮುಚ್ಚದಿದ್ದರೂ ತಾನೇ ಊಹೆ ಮಾಡಿ ಏನೋ ಒಂದು ತೋರಿಸುತ್ತದೆ, ಬೈಯುವುದಿಲ್ಲ. "ಹಾಗಾದರೆ ಬ್ರಾಂಚಿಗೆ ಕೊಡುವ ಮೊದಲು ಮನೆಯಲ್ಲೇ ನೋಡಿಕೊಳ್ಳುವುದು" ಅಂದರು ಚಿಕ್ಕಮ್ಮ. ಹೌದು, ಅದೇ.

ಭಾನುವಾರ ರಾತ್ರಿಯ ಬಸ್ಸಿಗೆ ಬೆಂಗಳೂರಿಗೆ ಬಂದೆ. ಬಿಕಾಂ ವಿಷಯ ನಾನು ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಎರಡು ವಾರ ಸುದ್ದಿ ಇಲ್ಲ. ಆಮೇಲೆ ಒಂದು ರಾತ್ರಿ ಹತ್ತೂವರೆಗೆ ಫೋನು. ಪುಟವನ್ನು ಗಿಟ್‌ಹಬ್ ಪೇಜಸ್‌ಗೆ ಹಾಕಿದ್ದಾಳೆ. ಎಲ್ಲ ಚಿಟ್ಟೆ ಬಂದಿವೆ, ಒಂದು ಮಾತ್ರ ಇಲ್ಲ, ಅದೂ ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್. ಅವಳ ಲ್ಯಾಪ್‌ಟಾಪಿನಲ್ಲಿ ಸರಿ ಕಾಣ್ತದೆ. ನನಗೆ ಕಾರಣ ತಕ್ಷಣ ಹೊಳೆಯಿತು, ಬಾಯಿ ತೆರೆಯುವಷ್ಟರಲ್ಲಿ ಅವಳೇ "ಹೇಳಬೇಡ ಅಣ್ಣ, ಮಲಗು" ಅಂತ ಇಟ್ಟುಬಿಟ್ಟಳು.

ಬೆಳಿಗ್ಗೆ ಎದ್ದು ನೋಡಿದರೆ ವಾಟ್ಸಾಪಿನಲ್ಲಿ ಮೆಸೇಜು. "ಫೈಲಿನ ಹೆಸರಲ್ಲಿ ಬಿ ದೊಡ್ಡದು, ಕೋಡಿನಲ್ಲಿ ಸಣ್ಣದು. ವಿಂಡೋಸಿಗೆ ಎರಡೂ ಒಂದೇ, ಅಲ್ಲಿ ಬೇರೆ ಬೇರೆ. ಈಗ ಬಂತು." ಕಳಿಸಿದ ಸಮಯ ರಾತ್ರಿ 1.12. ಕೆಳಗೆ ಚಿಕ್ಕಮ್ಮನ ವಾಯ್ಸ್ ಮೆಸೇಜು, ಈ ಹುಡುಗಿಗೆ ಹೊತ್ತಿಗೆ ಸರಿಯಾಗಿ ಮಲಗಲಿಕ್ಕೆ ಹೇಳು ಅಂತ ನನಗೆ ಬೈಗುಳ.